ನಾಲ್ಕು ಆಯ್ಕೆಗಳ ನಡುವಿನ ಉಸಿರು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಕಥೆ ಹೇಳುವ ಕಸುಬು ನನ್ನದಲ್ಲ. ಹಗಲು ದುಡಿದು ಸಂಜೆ ಕಾಲೇಜಿನಲ್ಲಿ ಓದಿದವನು ನಾನು. ನನ್ನ ಪ್ರಬಂಧಗಳ ಅಂಚಿನಲ್ಲಿ ಮೇಷ್ಟ್ರುಗಳು ಕೆಂಪು ಶಾಯಿಯಲ್ಲಿ ‘ವಿಷಯಕ್ಕೆ ಬನ್ನಿ’ ಎಂದು ಬರೆಯುತ್ತಿದ್ದರು. ಅದೂ ಅಲ್ಲದೆ ಇದು ನನ್ನೊಬ್ಬನ ಕಥೆಯಲ್ಲ. ಹೇಳಬಹುದೇ ಎಂದು ಇದರಲ್ಲಿ ಬರುವ ಅಕ್ಕನನ್ನೇ ಕೇಳಿದೆ. “ಹೇಳ್ಕೊಳ್ಳಿ. ಆದ್ರೆ ನನ್ನನ್ನ ದೇವತೆ ಮಾಡ್ಬೇಡಿ, ಅಷ್ಟೇ” ಎಂದರು. ಆ ಒಂದು ಷರತ್ತನ್ನಾದರೂ ಪಾಲಿಸಲು ನೋಡುತ್ತೇನೆ.

ವಿಶ್ವವಿದ್ಯಾಲಯದ ಹಳೆಯ ಗ್ರಂಥಾಲಯದ ಹಿಂಭಾಗದಲ್ಲಿ, ನೆಲಮಾಳಿಗೆಗೆ ಇಳಿಯುವ ಇಳಿಜಾರಿನ ಕೊನೆಯಲ್ಲಿ, ಅಂಗವಿಕಲ ವಿದ್ಯಾರ್ಥಿಗಳ ನೆರವು ಕಚೇರಿ ಇದೆ. ಅಲ್ಲಿ ನಾನು ಪರೀಕ್ಷಾ ಮೇಲ್ವಿಚಾರಕನಾಗಿ ಕೆಲಸ ಮಾಡುತ್ತಿದ್ದೆ. ಸಂಜೆ ತರಗತಿಯ ವಿದ್ಯಾರ್ಥಿಗಳಿಗೆ ಹಗಲು ಹೊತ್ತು ಕೊಡುತ್ತಿದ್ದ ಕೆಲಸ ಅದು. ಕೈ ನಡುಗುವವರಿಗೆ ಬರೆದುಕೊಡುವುದು, ಕಣ್ಣು ಕಾಣದವರಿಗೆ ಓದಿಹೇಳುವುದು, ನೂರು ಜನರ ನಡುವೆ ಕೂತರೆ ಎದೆ ಹೊಡೆದುಕೊಳ್ಳುವವರ ಜೊತೆ ಸಣ್ಣ ಕೋಣೆಯಲ್ಲಿ ಸುಮ್ಮನೆ ಕೂತಿರುವುದು.

ಆ ಸಣ್ಣ ಕೋಣೆಗಳ ಬಗ್ಗೆ ಒಂದು ಮಾತು ಹೇಳಬೇಕು. ಗೋಡೆಗಳಿಗೆ ಬೂದು ಬಣ್ಣದ ಸ್ಪಂಜಿನ ಹಾಳೆ ಅಂಟಿಸಿದ್ದರು. ಮಾತು ಆಡಿದರೆ ಗೋಡೆಗೆ ತಾಗಿ ಮರಳುತ್ತಿರಲಿಲ್ಲ. ಹತ್ತಿಯ ಮೇಲೆ ಹನಿ ಬಿದ್ದ ಹಾಗೆ ಅಲ್ಲೇ ಇಂಗಿಹೋಗುತ್ತಿತ್ತು. ಮಂಜುಗಾಜಿನ ಕಿಟಕಿಯಲ್ಲಿ ಹೊರಗೆ ಓಡಾಡುವವರ ಕಾಲುಗಳು ಮಾತ್ರ ಕಾಣುತ್ತಿದ್ದವು, ಅವೂ ಮೀನಿನ ಹಾಗೆ ಮಸುಕು ಮಸುಕು. ನಮ್ಮ ಅಭ್ಯರ್ಥಿಗಳಿಗೆ ಗಂಟೆಗೆ ಇಪ್ಪತ್ತು ನಿಮಿಷ ಹೆಚ್ಚು ಸಮಯ. ಸುಸ್ತಾದರೆ ಗಡಿಯಾರ ನಿಲ್ಲಿಸಿ ಎಂದು ಕೇಳುವ ಹಕ್ಕೂ ಇತ್ತು. ಹಾಗಾಗಿ ದೊಡ್ಡ ಸಭಾಂಗಣದಲ್ಲಿ ಪರೀಕ್ಷೆ ಮುಗಿದು, ಹುಡುಗರು ಉತ್ತರ ಹೋಲಿಸಿಕೊಂಡು ಹೋದ ಮೇಲೂ ನಮ್ಮಲ್ಲಿ ಪರೀಕ್ಷೆ ನಡೆಯುತ್ತಲೇ ಇರುತ್ತಿತ್ತು. ಊರಿನ ಹೊತ್ತು ಬೇರೆ, ನಮ್ಮ ಹೊತ್ತು ಬೇರೆ. ಎಷ್ಟೋ ಸಲ ಹೊರಗೆ ಬಂದಾಗ ಮಧ್ಯಾಹ್ನವೋ ಸಂಜೆಯೋ ತಿಳಿಯದೆ ಮೆಟ್ಟಿಲ ಮೇಲೆ ನಿಂತುಬಿಡುತ್ತಿದ್ದೆ.

ಓದಿಹೇಳುವವರಿಗೆ ಒಂದು ನಿಯಮವಿತ್ತು. ಕಚೇರಿಯ ಮುಖ್ಯಸ್ಥೆ, ನಮ್ಮ ಮೇಡಂ, ತರಬೇತಿಯ ದಿನ ಬೋರ್ಡಿನ ಮೇಲೆ ಒಂದು ಗೆರೆ ಎಳೆದರು. ಏರಿಳಿತವಿಲ್ಲದ ನೇರ ಗೆರೆ.

“ನಿಮ್ಮ ದನಿ ಹೀಗಿರ್ಬೇಕು. ಎ, ಬಿ, ಸಿ, ಡಿ ನಾಲ್ಕಕ್ಕೂ ಒಂದೇ ರಾಗ, ಒಂದೇ ವೇಗ. ನೀವು ಮನುಷ್ಯರು ಅನ್ನೋದನ್ನ ಎರಡು ಗಂಟೆ ಮರೀರಿ.”

ನಾನು ಮನೆಯಲ್ಲಿ ಹಳೆಯ ಪ್ರಶ್ನೆಪತ್ರಿಕೆ ಹಿಡಿದು ವಾರಗಟ್ಟಲೆ ಅಭ್ಯಾಸ ಮಾಡಿದೆ. ಅಮ್ಮ ಬಟ್ಟೆ ಮಡಚುತ್ತಾ ಕೇಳಿಸಿಕೊಂಡು, “ಯಾಕೋ, ಯಾರಾದ್ರೂ ಹೋಗ್ಬಿಟ್ರಾ? ಸಾವಿನ ಸುದ್ದಿ ಓದೋ ಥರ ಓದ್ತಿದ್ದೀಯಲ್ಲ” ಎಂದಿದ್ದಳು. ನನಗೆ ಖುಷಿಯಾಗಿತ್ತು. ಗೆರೆ ನೇರವಾಗಿದೆ ಎಂದುಕೊಂಡಿದ್ದೆ.

ನಾನು ಮೊದಲೇ ಹೇಳಿದ ಅಕ್ಕ ನಮ್ಮಲ್ಲಿಗೆ ಪರೀಕ್ಷೆ ಬರೆಯಲು ಬರುತ್ತಿದ್ದವರು, ದೊಡ್ಡಾಸ್ಪತ್ರೆಯ ಟೆಲಿಫೋನ್ ಆಪರೇಟರ್. ಹುಟ್ಟಿನಿಂದಲೇ ಕಣ್ಣಿಲ್ಲ. ಹತ್ತೊಂಬತ್ತು ವರ್ಷ ಆ ಸ್ವಿಚ್‌ಬೋರ್ಡಿನ ಮುಂದೆ ಕೂತು, ‘ಹಲೋ’ ಎನ್ನುವುದರಲ್ಲೇ ಯಾರಿಗೆ ಹೆರಿಗೆ ವಾರ್ಡು ಬೇಕು, ಯಾರಿಗೆ ಶವಾಗಾರ ಬೇಕು ಎಂದು ಗುರುತಿಸುತ್ತಿದ್ದರಂತೆ. ಅವರನ್ನು ಕಚೇರಿಯ ವ್ಯಾನಿನಲ್ಲಿ ಕರೆತರುತ್ತಿದ್ದ ಡ್ರೈವರಣ್ಣ ‘ಎಕ್ಸ್‌ಚೇಂಜ್ ಅಕ್ಕ’ ಎಂದು ಕರೆಯುತ್ತಿದ್ದ. ಅದು ಎಲ್ಲರ ಬಾಯಲ್ಲೂ ನಿಂತಿತ್ತು. ಅದೇ ಆಸ್ಪತ್ರೆಯಲ್ಲಿ ರೋಗಿಗಳ ಮನೆಯವರಿಗೆ ಸಾಂತ್ವನ ಹೇಳುವ ಆಪ್ತಸಲಹೆಗಾರರ ಹುದ್ದೆಯೊಂದು ಖಾಲಿಯಾಗಿತ್ತು. ಒಳಗಿನ ಸಿಬ್ಬಂದಿಗೇ ಮೊದಲ ಅವಕಾಶ, ಆದರೆ ಪದವಿ ಆಗಿರಬೇಕು. ಅಕ್ಕನಿಗೆ ಉಳಿದಿದ್ದು ಒಂದೇ ಪೇಪರು, ಮನಶ್ಶಾಸ್ತ್ರದಲ್ಲಿ ‘ನೆನಪು ಮತ್ತು ಗಮನ’. ಎರಡು ಸಲ ಬರೆದು ಎರಡೂ ಸಲ ಹೋಗಿತ್ತು. ಇದು ಮೂರನೆಯದು, ನಿಯಮದ ಪ್ರಕಾರ ಕೊನೆಯದು. ಇದೂ ಹೋದರೆ ಆರು ವರ್ಷದ ಓದು ಹೋದಂತೆಯೇ.

ಅವರಿಗೆ ಓದಿಹೇಳಲು ನನ್ನನ್ನು ಹಾಕಿದರು. ಆ ಪೇಪರನ್ನು ನಾನು ಸಂಜೆ ಕಾಲೇಜಿನಲ್ಲಿ ಎರಡು ವರ್ಷದ ಹಿಂದೆ ಬರೆದಿದ್ದೆ. ಓದಿಹೇಳುವವರು ಆ ವಿಷಯ ಬಲ್ಲವರಾಗಿರಬಾರದು. ಮೇಡಂ ಬಳಿ ಓಡಿದೆ.

“ಎಷ್ಟು ಬಂದಿತ್ತು ನಿಮಗೆ?”

“ನಲವತ್ತಕ್ಕೆ ಇಪ್ಪತ್ತೆರಡು, ಮೇಡಂ.”

“ಹಾಗಾದ್ರೆ ನಿಮಗೇನೂ ಗೊತ್ತಿಲ್ಲ ಬಿಡಿ. ಹೋಗಿ, ‘ವಿಷಯ ಗೊತ್ತಿಲ್ಲ’ ಅನ್ನೋ ಕಾಗದಕ್ಕೆ ಸಹಿ ಹಾಕಿ.”

ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಗುತ್ತಾ ಒಂದು ಮಾತನ್ನು ನುಂಗಿದೆ. ಆ ಇಪ್ಪತ್ತೆರಡರ ಅವಮಾನಕ್ಕೆ, ಪರೀಕ್ಷೆ ಮುಗಿದ ಮೇಲೆ, ಯಾರೂ ಕೇಳದಿದ್ದರೂ, ಆ ಪುಸ್ತಕವನ್ನು ನಾನು ಮೊದಲಿನಿಂದ ಕೊನೆಯವರೆಗೆ ಮೂರು ಸಲ ಓದಿದ್ದೆ. ಬಾಯಿಪಾಠ ಬರುತ್ತಿತ್ತು. ಹಾಗೆ ಹೇಳಿದರೆ ಜಂಬ ಎಂದುಕೊಂಡಾರು ಅನ್ನಿಸಿತು. ಸಹಿ ಹಾಕಿದೆ.

ಪರೀಕ್ಷೆಯ ದಿನ ಹತ್ತಕ್ಕೆ ಶುರುಮಾಡಿದೆವು. ನಲವತ್ತು ಪ್ರಶ್ನೆ, ಹೆಚ್ಚಿನ ಸಮಯವೂ ಸೇರಿ ಎರಡು ಗಂಟೆ, ಪಾಸಾಗಲು ಇಪ್ಪತ್ತು. ನಾನು ಓದುವುದು, ಅಕ್ಕ ಉತ್ತರ ಹೇಳುವುದು, ನಾನು ಉತ್ತರಹಾಳೆಯ ಗೋಲಗಳಲ್ಲಿ ಪೆನ್ಸಿಲ್ ತುಂಬುವುದು. ಅಕ್ಕ ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸಿ, ದೂರದ ಕರೆಯನ್ನು ಆಲಿಸುವವರ ಹಾಗೆ ಕೂತಿದ್ದರು. ನನ್ನ ದನಿ ನನ್ನಿಂದ ಬೇರೆಯಾಗಿ ಮೇಜಿನ ಮೇಲೆ ತೇಲಿಹೋಗುತ್ತಿರುವಂತೆ ಅನ್ನಿಸುತ್ತಿತ್ತು. ಕಿಟಕಿಯಲ್ಲಿ ಕಾಲುಗಳು ಬಂದವು, ಹೋದವು. ಹತ್ತು, ಹನ್ನೊಂದು, ಹದಿನಾರು. ಅಕ್ಕ ಸರಿ ಹೇಳುತ್ತಿದ್ದರು. ಒಂದರ ಹಿಂದೆ ಒಂದು ಸರಿ. ಒಳಗೊಳಗೇ ಹಗುರಾಗುತ್ತಾ ಹೋದೆ. ಈ ಕೋಣೆಯೇ ಒಂದು ದೋಣಿ, ನಾವಿಬ್ಬರೂ ಅಲುಗಾಡದೆ ದಡ ಸೇರುತ್ತಿದ್ದೇವೆ ಎಂಬಂತೆ.

ಇಪ್ಪತ್ತೆರಡನೆಯ ಪ್ರಶ್ನೆ ಮುಗಿದಾಗ ಅಕ್ಕ ಕೈ ಎತ್ತಿದರು.

“ಗಡಿಯಾರ ನಿಲ್ಸಿ.”

ಹನ್ನೊಂದು ಗಂಟೆ ಎರಡು ನಿಮಿಷ. ನಿಲ್ಲಿಸಿದೆ, ಹಾಳೆಯಲ್ಲಿ ಬರೆದೆ. “ನೀರು ಬೇಕಾ ಅಕ್ಕ?”

“ಬೇಡ. ತಮ್ಮಾ, ನೀವು ಈ ಪೇಪರ್ ಓದಿದ್ದೀರಾ?”

“ಓದಿದ್ದೆ. ಮೊದಲೇ ಹೇಳಿದ್ದೆ ಮೇಡಂಗೆ... ಪೂರ್ತಿ ಹೇಳಿರ್ಲಿಲ್ಲ.”

“ಅದಕ್ಕೇ. ಸರಿ ಉತ್ತರ ಬರೋಕೆ ಮುಂಚೆ ನೀವೊಂದು ಉಸಿರು ತಗೋತೀರಿ. ಚಿಕ್ಕದು. ಮಕ್ಕಳು ಬಾಗಿಲಲ್ಲಿ ನಿಂತು ಒಳಗೆ ಬರ್ಲಾ ಅಂತ ಕೇಳೋಕೆ ಮುಂಚೆ ತಗೋತಾರಲ್ಲ, ಹಾಗೆ.”

“ಇಲ್ಲಕ್ಕ! ನಾನು ಒಂದೇ ಸಮ...”

“ಬೇಕಂತ ಮಾಡಿದ್ದೀರಿ ಅಂತ ಯಾರು ಹೇಳಿದ್ರು? ನಿಮಗೆ ಗೊತ್ತಿಲ್ಲ ಅನ್ನೋದೂ ನನಗೆ ಕೇಳಿಸ್ತಿದೆ. ಏಳನೇ ಪ್ರಶ್ನೆಗೆ ಅನುಮಾನ ಬಂತು. ಹದಿನೈದಕ್ಕೆ ಖಾತ್ರಿ ಆಯ್ತು.” ಮೇಜಿನ ಅಂಚನ್ನು ಬೆರಳಿಂದ ಸವರಿದರು. “ಆಮೇಲೂ ಏಳು ಪ್ರಶ್ನೆ ಬಾಯಿ ಮುಚ್ಕೊಂಡು ಕೂತಿದ್ದೆ. ಅದು ನಿಮ್ಮ ತಪ್ಪಲ್ಲ, ನಂದು. ಆಸೆ.”

ವರದಿ ಮಾಡಿದರೆ ಪೇಪರು ರದ್ದಾಗಬಹುದು, ಅಕ್ಕನ ಕೊನೆಯ ಅವಕಾಶ ಅಲ್ಲಿಗೆ ಮುಗಿಯಿತು. ಮಾಡದಿದ್ದರೆ ಈ ಕೋಣೆಯಲ್ಲಿ ನಾವಿಬ್ಬರೇ, ಸ್ಪಂಜಿನ ಗೋಡೆಗಳು ಏನನ್ನೂ ಮರಳಿ ಹೇಳುವುದಿಲ್ಲ. ಈ ಎರಡನೆಯ ಯೋಚನೆ ನನ್ನ ತಲೆಯಲ್ಲಿ ಎಷ್ಟು ಹೊತ್ತು ನಿಂತಿತ್ತು ಎಂದು ಹೇಳಲು ನಾಚಿಕೆಯಾಗುತ್ತದೆ.

“ಮುಂದಿನದನ್ನ ಉಸಿರು ಹಿಡ್ಕೊಂಡು ಓದ್ಲಾ?” ಎಂದೆ, ಪೆದ್ದನ ಹಾಗೆ.

ಅಕ್ಕ ನಕ್ಕುಬಿಟ್ಟರು. “ಹಿಡ್ಕೊಂಡಿದ್ದೂ ಕೇಳ್ಸತ್ತೆ ಮಾರಾಯ್ರೇ! ಬೇರೆ ಯಾರಾದ್ರೂ ಇದ್ದಾರಾ ಓದೋಕೆ? ಏನೂ ಗೊತ್ತಿಲ್ದಿರೋರು?”

ಮೇಡಂ ಬೇರೆ ಕಟ್ಟಡದಲ್ಲಿ ಸಭೆಯಲ್ಲಿದ್ದರು, ಫೋನು ಎತ್ತಲಿಲ್ಲ. ನಿಯಮದ ಪುಸ್ತಕ ತಿರುವಿದೆ. ಅಭ್ಯರ್ಥಿಯ ಒಪ್ಪಿಗೆಯಿದ್ದರೆ ನಡುವೆ ಓದುಗರನ್ನು ಬದಲಿಸಬಹುದು, ಹೊಸಬರ ಹೆಸರು ತುರ್ತು ಪಟ್ಟಿಯಲ್ಲಿರಬೇಕು. ಪಟ್ಟಿಯಲ್ಲಿದ್ದ ಮೂವರಲ್ಲಿ ಇಬ್ಬರು ಬೇರೆ ಕೋಣೆಗಳಲ್ಲಿದ್ದರು. ಮೂರನೆಯವನು ಡ್ರೈವರಣ್ಣ. ಹೋದ ವರ್ಷ ಯಾರಿಗೋ ಜ್ವರ ಬಂದಾಗ ಅವನಿಂದ ಸಹಿ ಮಾಡಿಸಿಕೊಂಡಿದ್ದರು.

ವ್ಯಾನಿನ ಗಾಜು ಒರೆಸುತ್ತಿದ್ದವನು ಒದ್ದೆ ಕೈಯಲ್ಲೇ ಬಂದ. “ಅಯ್ಯೋ ಮೇಷ್ಟ್ರೇ, ನಾನು ಓದಿದ್ರೆ ಪೇಪರ್ ಬರ್ದೋರಿಗೇ ಅರ್ಥ ಆಗಲ್ಲ!”

“ಅದೇ ಬೇಕಾಗಿರೋದು ಅಣ್ಣ” ಎಂದರು ಅಕ್ಕ ಒಳಗಿನಿಂದ. “ಕನ್ನಡಕ ತಂದಿದ್ದೀರಾ?”

ನಾನೊಂದು ಸಲಹೆ ಕೊಟ್ಟೆ. ಇಪ್ಪತ್ತಮೂರರಿಂದ ಮುಂದಕ್ಕೆ ಹೋಗೋಣ, ಸಮಯ ಉಳಿದರೆ ಮೊದಲಿನವನ್ನು ಮತ್ತೆ ಓದಿಸೋಣ. ಯಾರಿಗಾದರೂ ಹೊಳೆಯುವ ಲೆಕ್ಕ. ಅಕ್ಕ ಬೇಡವೆಂದು ತಲೆಯಾಡಿಸಿದರು.

“ಹಾಗೆ ಮಾಡಿದ್ರೆ ಸಮಯ ಉಳಿಯೋದೇ ಇಲ್ಲ. ನನ್ನ ಬುದ್ಧಿ ನನಗೆ ಗೊತ್ತು, ಬೇಕಂತಲೇ ನಿಧಾನ ಮಾಡ್ತೀನಿ. ಹೊಸ ಹಾಳೆ ಕೊಡಿ. ಒಂದರಿಂದ.”

“ಅಕ್ಕ, ಇರೋದು ಐವತ್ತೆಂಟೇ ನಿಮಿಷ.”

“ಆಸ್ಪತ್ರೆಯಲ್ಲಿ ಐವತ್ತೆಂಟು ನಿಮಿಷಕ್ಕೆ ಇನ್ನೂರು ಕರೆ ತಗೊಂಡಿದ್ದೀನಿ. ಕೊಡಿ.”

ಹಳೆಯ ಹಾಳೆಗೆ ಅಡ್ಡಗೆರೆ ಎಳೆದೆ. ಒಪ್ಪಿಗೆ ಪತ್ರದ ಮೇಲೆ ಅಕ್ಕ ಹೆಬ್ಬೆಟ್ಟಿನ ಪಕ್ಕ ದೊಡ್ಡ ಅಕ್ಷರದಲ್ಲಿ ಸಹಿಯನ್ನೂ ಹಾಕಿದರು. ಡ್ರೈವರಣ್ಣ ಮೇಜಿನ ಎದುರು ಕೂತ. ನಾನು ಅಕ್ಕನ ಹೇಳಿಕೆಯಂತೆ ಕೋಣೆಯ ಆ ತುದಿಗೆ, ಕಿಟಕಿಯ ಕೆಳಗೆ ಹೋಗಿ ಉತ್ತರ ತುಂಬಲು ಕೂತೆ. ಗಡಿಯಾರ ಮತ್ತೆ ನಡೆಯಿತು.

ಡ್ರೈವರಣ್ಣ ಓದುತ್ತಿದ್ದುದು ನಿಲ್ದಾಣದ ಹೆಸರು ಕೂಗುವ ಹಾಗೆ. “ಎ! ಅಲ್ಪಾವಧಿ ನೆನಪು! ಬಿ! ದೀರ್ಘಾವಧಿ ನೆನಪು! ಸಿ! ಇಂ... ಇಂದ್ರಿಯ... ಇಂದ್ರಿಯಜನ್ಯ ನೆನಪು!” ನಾಲ್ಕಕ್ಕೂ ಒಂದೇ ಕೂಗು, ಎಲ್ಲೂ ಇಳಿಯುವವರಿಲ್ಲ. ಕಷ್ಟದ ಪದ ಬಂದಾಗ ಬ್ರೇಕು ಹಾಕಿ, ಹಿಂದಕ್ಕೆ ಹೋಗಿ, ಮತ್ತೆ ಹತ್ತುತ್ತಿದ್ದ. “ಇದ್ಯಾವ ಪಾಪಿ ಬರ್ದಿದ್ದಪ್ಪ” ಎಂದು ಒಮ್ಮೆ ಗೊಣಗಿದ. ಅಕ್ಕ “ಅದು ಆಯ್ಕೆಯಲ್ಲಿ ಇಲ್ಲ ತಾನೇ?” ಎಂದರು. ಅಷ್ಟು ಬಿಟ್ಟರೆ ಕೋಣೆಯಲ್ಲಿ ಬೇರೆ ಮಾತಿರಲಿಲ್ಲ.

ಅದೇ ಪ್ರಶ್ನೆಗಳು ಎರಡನೆಯ ಸಲ ನನ್ನನ್ನು ಹಾದುಹೋಗುತ್ತಿದ್ದವು. ಕನಸಿನಲ್ಲಿ ಕಂಡ ಬೀದಿಯಲ್ಲಿ ಎಚ್ಚರದಲ್ಲಿ ನಡೆದ ಹಾಗೆ. ಮನೆಗಳೆಲ್ಲ ಅವೇ, ಬಾಗಿಲುಗಳು ಮಾತ್ರ ಬೇರೆ ಕಡೆಗೆ. ಮೊದಲ ಎಂಟೂ ಹಿಂದಿನಂತೆಯೇ ಬಂದವು. ಒಂಬತ್ತನೆಯದಕ್ಕೆ ಅಕ್ಕ ತಡೆದರು. ಮೊದಲ ಸಲ ತಟ್ಟನೆ ‘ಬಿ’ ಎಂದಿದ್ದರು. ಅದು ಸರಿ. ಈಗ ತುಟಿ ಒತ್ತಿಕೊಂಡು, “ಡಿ” ಎಂದರು.

ನನ್ನ ಪೆನ್ಸಿಲ್ ನಿಂತಿತು. ಅಕ್ಕನ ಮುಖ ನನ್ನ ಕಡೆ ಒಂದು ಕೂದಲೆಳೆಯಷ್ಟು ತಿರುಗಿತು, ಅಥವಾ ತಿರುಗಿದಂತೆ ನನಗೆ ಕಂಡಿತು. ನಾನು ಡಿ ಗೋಲವನ್ನು ತುಂಬಿದೆ. ತಪ್ಪೆಂದು ಗೊತ್ತಿರುವ ಗೋಲವನ್ನು ತುಂಬುವುದು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನನಗೆ ಅಂದು ತಿಳಿಯಿತು. ಉಸಿರು ಬಿಡಬೇಕೋ ಬೇಡವೋ ತಿಳಿಯದೆ, ಕಿಟಕಿಯಲ್ಲಿ ಹಾದುಹೋಗುವ ಕಾಲುಗಳ ಲಯಕ್ಕೆ ಉಸಿರಾಡಿದೆ. ಎರಡು ಹೆಜ್ಜೆಗೆ ಒಳಕ್ಕೆ, ಎರಡು ಹೆಜ್ಜೆಗೆ ಹೊರಕ್ಕೆ.

ಹನ್ನೆರಡು, ಹದಿನಾರು, ಹದಿನೆಂಟು, ಇಪ್ಪತ್ತೊಂದು. ಹೀಗೆ ಒಟ್ಟು ಐದು ಉತ್ತರ ಬದಲಾದವು. ಐದೂ ಮೊದಲು ಸರಿ ಇದ್ದವು, ಈಗ ತಪ್ಪು. ನಾನು ಎಣಿಸಬಾರದಿತ್ತು, ಎಣಿಸಿದೆ. ಹತ್ತೊಂಬತ್ತು ಸರಿಯಿದ್ದದ್ದು ಹದಿನಾಲ್ಕಕ್ಕೆ ಇಳಿದಿತ್ತು. ಅಕ್ಕ ಒಂದೊಂದೇ ದೀಪ ಆರಿಸುತ್ತಾ ಮನೆಯೊಳಗೆ ಹೋಗುತ್ತಿರುವಂತೆ ಅನ್ನಿಸಿತು, ನಾನು ಅಂಗಳದಲ್ಲಿ ನಿಂತು ನೋಡುತ್ತಿರುವಂತೆ. ಆಮೇಲೆ ಯಾರೂ ಓದಿರದ ಹೊಸ ಪ್ರಶ್ನೆಗಳು ಬಂದವು. ಡ್ರೈವರಣ್ಣನ ಗಂಟಲು ಕಟ್ಟಿತು. ಮೂವತ್ತೆಂಟನೆಯದಕ್ಕೆ ಉತ್ತರ ತುಂಬಿ ಪೆನ್ಸಿಲ್ ಎತ್ತುವಾಗ ಸಮಯ ಮುಗಿಯಿತು. ಎರಡು ಉಳಿದೇಹೋದವು.

ಡ್ರೈವರಣ್ಣ ಬೆವರು ಒರೆಸಿಕೊಂಡು, “ಅಕ್ಕ, ನನಗೆ ಡಿಗ್ರಿ ಕೊಡ್ತಾರಾ?” ಎಂದ.

“ಅರ್ಧ ನಿಮಗೇ ಕೊಡಿಸ್ತೀನಿ” ಎಂದರು ಅಕ್ಕ. ದನಿ ಬತ್ತಿತ್ತು.

ಅವನು ವ್ಯಾನು ತಿರುಗಿಸಲು ಹೋದ ಮೇಲೆ ನಾನು ವರದಿ ನಮೂನೆ ಎದುರಿಟ್ಟುಕೊಂಡು ಕೂತಿದ್ದೆ. ‘ಓದುಗರ ಬದಲಾವಣೆಗೆ ಕಾರಣ’ ಎಂಬಲ್ಲಿ ಎರಡು ಸಾಲಿನ ಜಾಗ. ಓದುಗನ ಅನಾರೋಗ್ಯ ಎಂದು ಬರೆದರೆ ಮುಗಿಯಿತು.

“ಅಕ್ಕ, ಏನಂತ ಬರೀಲಿ?”

“ನನ್ನನ್ನ ಕೇಳಿದ್ರೆ ನಾನು ನಿಜ ಬರೀಬೇಡಿ ಅಂತೀನಿ” ಎಂದರು. ಮಡಚಿಟ್ಟಿದ್ದ ಕೋಲು ಬಿಚ್ಚಿ ನೆಲಕ್ಕೆ ಊರಿದರು. “ಅದಕ್ಕೇ ನನ್ನನ್ನ ಕೇಳ್ಬೇಡಿ.”

ನಾನು ಬರೆದೆ. ಎರಡು ಸಾಲು ಸಾಲದೆ ಹಾಳೆಯ ಹಿಂಬದಿಗೂ ಬರೆದೆ. ಪುಸ್ತಕವನ್ನು ಮೂರು ಸಲ ಓದಿದ್ದು, ಅದನ್ನು ಮುಚ್ಚಿಟ್ಟದ್ದು, ಉಸಿರು, ಗಡಿಯಾರ ನಿಂತ ಹೊತ್ತು, ಎಲ್ಲ. ಬದಲಾದ ಐದು ಉತ್ತರಗಳ ಬಗ್ಗೆ ಮಾತ್ರ ಒಂದಕ್ಷರವನ್ನೂ ಬರೆಯಲಿಲ್ಲ. ಎರಡೂ ಹಾಳೆಗಳನ್ನು ಲಗತ್ತಿಸಿದ್ದೆ, ಬೇಕಾದವರು ನೋಡಿಕೊಳ್ಳಲಿ ಎಂದು. ಮೇಡಂ ಓದಿ ಹಣೆ ಚಚ್ಚಿಕೊಂಡರು.

“ಏನ್ರೀ ಇದು, ಆತ್ಮಚರಿತ್ರೆ ಬರ್ದಿದ್ದೀರಲ್ಲ! ಪಾಪ, ಆಕೆ ಗತಿ ಏನು ಅಂತ ಯೋಚಿಸಿದ್ರಾ?”

ಯೋಚಿಸಿದ್ದೆ. ಮುಂದಿನ ಮೂರು ವಾರ ಬೇರೇನನ್ನೂ ಯೋಚಿಸಲಿಲ್ಲ. ಮನೆಯಲ್ಲಿ ಫೋನಿನ ರೆಕಾರ್ಡರ್ ಮುಂದೆ ಕೂತು ಅದೇ ಪಾಠದ ಪ್ರಶ್ನೆಗಳನ್ನು ಓದಿದೆ. ಹತ್ತು ಸಲ ಹಾಕಿ ಕೇಳಿದೆ. ಉಸಿರು ಸಿಗಲಿಲ್ಲ. ಅಮ್ಮನನ್ನು ಕೂರಿಸಿದೆ.

“ಎಲ್ಲಾದ್ರೂ ತಡೀತೀನಾ ನೋಡಮ್ಮ.”

ಅಮ್ಮ ಕಣ್ಣುಮುಚ್ಚಿ ಕೇಳಿದಳು. ಕೊನೆಗೆ, “ನೀನು ಹುಟ್ಟಿದಾಗಿಂದ ಎಲ್ಲಾದಕ್ಕೂ ತಡೀತೀಯ. ಇದರಲ್ಲಿ ಯಾವುದು ಅಂತ ಹೇಳ್ಲಿ?” ಎಂದಳು.

ಪರೀಕ್ಷಾ ಸಮಿತಿ ಮೊದಲನೆಯ ಹಾಳೆಯನ್ನು ತಳ್ಳಿಹಾಕಿ ಎರಡನೆಯದನ್ನು ಒಪ್ಪಿತು. ನನ್ನನ್ನು ಓದುವ ಪಟ್ಟಿಯಿಂದ ತೆಗೆದರು, ಬರೆಯುವ ಪಟ್ಟಿಯಲ್ಲಿ ಉಳಿಸಿದರು. ಆಸ್ಪತ್ರೆಯ ಹುದ್ದೆಗೆ ಅರ್ಜಿ ಮುಗಿಯಲು ಎರಡು ದಿನವಿರುವಾಗ ಅಕ್ಕನ ಅಂಕ ಬಂತು. ಇಪ್ಪತ್ತೊಂದು.

ಅಂಕಪಟ್ಟಿ ತೆಗೆದುಕೊಳ್ಳಲು ಅಕ್ಕ ಬಂದ ದಿನ ಕಚೇರಿಯಲ್ಲಿ ಗದ್ದಲವೋ ಗದ್ದಲ. ಡ್ರೈವರಣ್ಣ ತನ್ನ ಅರ್ಧ ಡಿಗ್ರಿ ಎಲ್ಲಿ ಎಂದು ಎಲ್ಲರನ್ನೂ ಕೇಳುತ್ತಿದ್ದ. ನಾನು ಅಕ್ಕನನ್ನು ಇಳಿಜಾರು ಹತ್ತಿಸಿ ಬಿಡಲು ಹೋದೆ. ಅವರ ಕೈ ನನ್ನ ಮೊಣಕೈ ಮೇಲಿತ್ತು. ಮೇಲೆ ಬಂದಾಗ ಬಿಸಿಲು, ವಾಹನಗಳ ಸದ್ದು, ಎಲ್ಲ ಒಟ್ಟಿಗೆ ಮುಖಕ್ಕೆ ಬಂದವು.

“ಅಕ್ಕ, ಒಂದು ಕೇಳ್ಲಾ? ಆ ಐದು ಉತ್ತರ ಬದಲಾಯಿಸಿದ್ರಲ್ಲ...”

“ಐದಾ?” ಎಂದರು. “ಹೌದಾ, ಐದಾ?”

ಅವರ ಮುಖದಲ್ಲಿ ನಗುವಿತ್ತು, ಆದರೆ ಅದು ಬಿಸಿಲಿಗೂ ಇರಬಹುದು. ವ್ಯಾನು ಬಂತು. ಹತ್ತಿ ಕೂತರು.

ಅಕ್ಕ ಈಗ ಅದೇ ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ, ಬಾಗಿಲ ಮೇಲೆ ತಮ್ಮ ಹೆಸರಿರುವ ಕೋಣೆಯಲ್ಲಿ ಕೂತು ಜನರ ಮಾತು ಕೇಳುತ್ತಾರೆ. ಅಷ್ಟು ಗೊತ್ತು. ಆ ಐದು ಉತ್ತರಗಳು ನಿಜವಾಗಿ ಮರೆತುಹೋಗಿದ್ದವೋ, ಅಥವಾ ನನ್ನ ಉಸಿರಿನಿಂದ ಬಂದವೆಂದು ಗುರುತಿಸಿ ಒಂದೊಂದನ್ನೇ ಬೇಕೆಂದೇ ಬಿಟ್ಟುಕೊಟ್ಟರೋ, ನನಗೆ ಗೊತ್ತಿಲ್ಲ. ಬದಲಾಯಿಸದೆ ಉಳಿಸಿಕೊಂಡ ಹದಿನಾಲ್ಕರಲ್ಲಿ ನನ್ನದೆಷ್ಟು, ಅವರದೆಷ್ಟು, ಅದೂ ಗೊತ್ತಿಲ್ಲ. ಆ ಉಸಿರನ್ನು ಅವರೊಬ್ಬರ ಹೊರತು ಯಾರೂ ಕೇಳಿಲ್ಲ. ನಾನಂತೂ ಇಂದಿಗೂ ಕೇಳಿಲ್ಲ.